ಆರ್ಕಸ್ ದ್ವೀಪದಲ್ಲಿ ಒಂದು ವಾರ: ಟೆಂಟು, ನಡಿಗೆ, ಊಟ ಮೂರನ್ನೂ ಹೇಗೆ ಹೊಂದಿಸೋದು?

ಶಿವಮೊಗ್ಗ_ಟು_ಬಾತೆಲ್

ಎಲ್ರಿಗೂ ನಮಸ್ಕಾರ. ಆಗಸ್ಟ್ ಕೊನೆಯ ವಾರ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳ ಗುಂಪಿನಲ್ಲಿರುವ ಆರ್ಕಸ್ ದ್ವೀಪಕ್ಕೆ ಹೋಗಬೇಕು ಅಂತ ಇದ್ದೇವೆ. ಮೊರಾನ್ ಸ್ಟೇಟ್ ಪಾರ್ಕಿನಲ್ಲಿ, ಕ್ಯಾಸ್ಕೇಡ್ ಲೇಕ್ ದಡದಲ್ಲೇ ಇರುವ ಸೌತ್ ಎಂಡ್ ಕ್ಯಾಂಪ್‌ಗ್ರೌಂಡಿನಲ್ಲಿ ಆರು ರಾತ್ರಿಗೆ ಜಾಗ ಸಿಕ್ಕಿದೆ. ಯಾರೋ ಕ್ಯಾನ್ಸಲ್ ಮಾಡಿದ್ದರು, ನಮ್ಮ ಯಜಮಾನರು ಮಲಗುವ ಹೊತ್ತಲ್ಲಿ ಫೋನ್ ನೋಡ್ತಾ ಕೂತಿದ್ದವರು ಗಬಕ್ಕಂತ ಹಿಡ್ಕೊಂಡರು. ಆಗಿರುವುದು ಇಷ್ಟೇ. ಫೆರ್ರಿ ಬುಕ್ ಆಗಿಲ್ಲ, ಎಲ್ಲಿ ನಡೆಯೋದು, ಏನು ತಿನ್ನೋದು ಯಾವುದೂ ಗೊತ್ತಿಲ್ಲ.

ನಾವಿಬ್ಬರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ಊರಿಂದ ಬಂದಿರುವ ನಮ್ಮಮ್ಮ. ಅಮ್ಮನಿಗೆ ಅರವತ್ತೆಂಟು. ಮಂಡಿ ನೋವಿದೆ, ಆದರೂ ಕೂತಲ್ಲಿ ಕೂರುವ ಜನ ಅಲ್ಲ. ಸಮತಟ್ಟು ದಾರಿಯಾದರೆ ನನಗಿಂತ ಮುಂದೆ ಹೋಗ್ತಾರೆ, ಇಳಿಜಾರು ಬಂದಾಗ ಮಾತ್ರ ಕಷ್ಟ. ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟೋದಿಲ್ಲ. ಯಜಮಾನರು ಕುಂದಾಪುರದವರು, ಸಮುದ್ರದ್ದು ಏನು ಕೊಟ್ಟರೂ ಸೈ. ಮಕ್ಕಳಿಗೆ ಪಿಜ್ಜಾ. ನನಗೆ ಒಂದು ವಾರ ಪಾತ್ರೆ ತೊಳೆಯದೆ ಇದ್ದರೆ ಸಾಕು, ಅದು ಆಗದ ಮಾತು ಅಂತ ಗೊತ್ತು.

ಕೇಳಬೇಕಾಗಿರುವುದು ಇಷ್ಟು. ಏಳು ದಿನ ಒಂದೇ ದ್ವೀಪದಲ್ಲಿ ಇರೋದಾ, ಇಲ್ಲ ಪಕ್ಕದ ಲೋಪೆಜ್, ಸ್ಯಾನ್ ವಾನ್ ದ್ವೀಪ ಅಂತ ಎಲ್ಲ ಸುತ್ತೋದಾ? ಅಮ್ಮನನ್ನೂ ಕರ್ಕೊಂಡು ಹೋಗಬಹುದಾದ ನಡಿಗೆ ಯಾವುದು? ಊಟಕ್ಕೆ ಹೋಟೆಲ್ ನಂಬಬಹುದಾ? ಕರಡಿ ಗಿರಡಿ ಇದೆಯಾ? "ಈ ವಯಸ್ಸಲ್ಲಿ ನೆಲದ ಮೇಲೆ ಮಲಗೋಕೆ ಅಮೆರಿಕಾಗೆ ಕರೆಸಿದ್ಯೇನೇ" ಅಂತ ಅಮ್ಮ ಈಗಲೇ ಶುರು ಮಾಡಿದ್ದಾರೆ, ಅದಕ್ಕೂ ಏನಾದರೂ ಉಪಾಯ ಇದ್ದರೆ ಹೇಳಿ.

ಕೊಡಚಾದ್ರಿ_ಕಾಲು

ಮೇಡಂ, ಮೊದಲು ಫೆರ್ರಿ. ಮಿಕ್ಕಿದ್ದೆಲ್ಲ ಆಮೇಲೆ. ಆಗಸ್ಟಲ್ಲಿ ಕಾರು ತಗೊಂಡು, ಫೆರ್ರಿ ಹೊರಡುವ ಊರು ಅನಕೋರ್ಟಿಸ್‌ಗೆ ಸುಮ್ನೆ ಹೋಗಿ ನಿಂತರೆ ಅರ್ಧ ದಿನ ಅಲ್ಲೇ ಕಳೆಯಬಹುದು.

ಬುಕ್ಕಿಂಗ್ ಎಲ್ಲ ಒಂದೇ ಸಲ ಬಿಡೋದಿಲ್ಲ, ಇದು ಗೊತ್ತಿಲ್ಲದೆ ತುಂಬಾ ಜನ "ಫುಲ್ ಆಗಿದೆ" ಅಂತ ಕೈ ಬಿಡ್ತಾರೆ. ಬೇಸಿಗೆ ಶೆಡ್ಯೂಲ್ ಶುರುವಾಗುವ ಎರಡು ತಿಂಗಳ ಮುಂಚೆ ಒಂದು ಪಾಲು ಬಿಡ್ತಾರೆ, ನೀವು ಹೊರಡುವ ದಿನಕ್ಕೆ ಎರಡು ವಾರ ಮುಂಚೆ ಇನ್ನೊಂದು ಪಾಲು, ಎರಡು ದಿನ ಮುಂಚೆ ಮತ್ತೊಂದು. ಬೆಳಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿರಬೇಕು. ಮೊದಲನೇ ಸಲ ಸಿಗದಿದ್ದರೆ ಎರಡನೇದಕ್ಕೆ ಕಾಯಿರಿ. ಹೋಗೋದಕ್ಕೆ ಮಾತ್ರ ಬುಕ್ ಮಾಡಿ ಬರೋದನ್ನು ಮರೀಬೇಡಿ. ಟಿಕೆಟ್ ದುಡ್ಡು ಅನಕೋರ್ಟಿಸ್‌ನಲ್ಲಿ ಹೋಗುವಾಗಲೇ ತಗೊಳ್ತಾರೆ, ವಾಪಸ್ ಬರುವಾಗ ಕೇಳಲ್ಲ, ಅದಕ್ಕೇ ಕೆಲವರು ವಾಪಸ್ ಬರೋಕೆ ಬುಕ್ಕಿಂಗೇ ಬೇಡ ಅಂದ್ಕೊಂಡು ಬಿಡ್ತಾರೆ. ಬೇಕು. ಭಾನುವಾರ ಮಧ್ಯಾಹ್ನ ದ್ವೀಪದಲ್ಲಿ ಫೆರ್ರಿ ನಿಲ್ಲುವ ಆರ್ಕಸ್ ಲ್ಯಾಂಡಿಂಗ್‌ನ ಇಳಿಜಾರಿನಲ್ಲಿ ಕಾರುಗಳ ಸಾಲು ನೋಡಿದರೆ ಯಾಕೆ ಅಂತ ಅರ್ಥ ಆಗುತ್ತೆ. ಆದಷ್ಟು ವಾರದ ನಡುವೆ ವಾಪಸ್ ಬನ್ನಿ, ಅದೂ ಬೆಳಗಿನ ಬೋಟಿಗೆ. ಮಧ್ಯಾಹ್ನದ ಮೇಲೆ ಒಂದು ಬೋಟ್ ತಡ ಆದರೆ ಅದರ ಹಿಂದಿನದೆಲ್ಲ ಸಾಲಾಗಿ ತಡ ಆಗುತ್ತೆ.

ಎರಡನೇದು, ಒಂದೇ ದ್ವೀಪ ಸಾಕು. ಆರ್ಕಸ್ ಈ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಕುದುರೆ ಲಾಳ ಅಂತಾರಲ್ಲ, ಆ ಆಕಾರ. ಲ್ಯಾಂಡಿಂಗ್ ಒಂದು ಕಾಲಲ್ಲಿ, ನಿಮ್ಮ ಕ್ಯಾಂಪ್ ಇನ್ನೊಂದು ಕಾಲಲ್ಲಿ, ನಡುವೆ ಮೇಲ್ಗಡೆ ಈಸ್ಟ್‌ಸೌಂಡ್ ಅನ್ನೋ ಊರು. ನಕ್ಷೆಯಲ್ಲಿ ಎದುರು ಬದುರು ಕಾಣುತ್ತೆ, ಆದರೆ ಎಲ್ಲಿಗೆ ಹೋಗಬೇಕಾದರೂ ಆ ಊರು ಸುತ್ತಿ ಹೋಗಬೇಕು. ಲ್ಯಾಂಡಿಂಗ್‌ನಿಂದ ಮೊರಾನ್‌ಗೆ ಹದಿಮೂರು ಮೈಲಿ ಆಗುತ್ತೆ, ಅಂಕುಡೊಂಕು ರಸ್ತೆ. ಇದರ ಮೇಲೆ ದಿನಾ ಫೆರ್ರಿ ಹಿಡೀತೀನಿ ಅಂದರೆ ವಾರವೆಲ್ಲ ಕ್ಯೂನಲ್ಲೇ ಹೋಗುತ್ತೆ. ಟೆಂಟು ಒಂದು ಸಲ ಹಾಕಿದ ಮೇಲೆ ವಾರ ಪೂರ್ತಿ ಬಿಚ್ಚಲೇಬಾರದು, ಇದು ನನ್ನ ಹಟ ಅಂತಲೇ ತಿಳ್ಕೊಳ್ಳಿ.

ಕರಡಿ ಯೋಚನೆ ಬಿಡಿ, ದ್ವೀಪದಲ್ಲಿ ಕರಡಿ ನೆಲೆ ಇಲ್ಲ. ಕಾಡುವವರು ಬೇರೆ ಇದ್ದಾರೆ, ಅದನ್ನು ಸಾರು_ಅನ್ನ ಅಕ್ಕ ಹೇಳ್ತಾರೆ, ಅವರಿಗೆ ಅನುಭವ ಇದೆ.

ಹಂದಿ_ಯುದ್ಧದ_ಮಂಜಣ್ಣ

ಕೊಡಚಾದ್ರಿ ಅವರೇ, ನೀವು ಯಾವಾಗಲೂ ಹೀಗೇ, ಒಂದೇ ಕಡೆ ಗೂಟ ಹೊಡ್ಕೊಂಡು ಕೂರೋ ಪೈಕಿ. ಅಷ್ಟು ದೂರ ಹೋಗಿ ಸ್ಯಾನ್ ವಾನ್ ದ್ವೀಪ ನೋಡದೆ ಬರೋದಾ? ಲೈಮ್ ಕಿಲ್ನ್ ಪಾಯಿಂಟ್ ಇರುವುದು ಅಲ್ಲಿ. ದಡದ ಬಂಡೆ ಮೇಲೆ ಕೂತು ತಿಮಿಂಗಿಲ ನೋಡೋ ಜಾಗ, ಪಕ್ಕದಲ್ಲೇ 1919ರ ದೀಪಸ್ತಂಭ. ಮಕ್ಕಳಿಗೆ ಇದಕ್ಕಿಂತ ಏನು ಬೇಕು.

ಇತಿಹಾಸ ಬೇಕಾದರೆ ಅದೂ ಇದೆ. 1859ರಲ್ಲಿ ಅಮೆರಿಕದ ಒಬ್ಬ ರೈತ ತನ್ನ ಆಲೂಗಡ್ಡೆ ತೋಟಕ್ಕೆ ನುಗ್ಗಿದ ಬ್ರಿಟಿಷ್ ಕಂಪನಿಯ ಹಂದಿಗೆ ಗುಂಡು ಹೊಡೆದ. ಎರಡೂ ದೇಶದ ಸೈನ್ಯ ಬಂದು ದ್ವೀಪದ ಎರಡು ತುದಿಯಲ್ಲಿ ಡೇರೆ ಹಾಕಿದವು. ಒಂದು ಗುಂಡೂ ಹಾರಲಿಲ್ಲ, ಆದರೂ ಹನ್ನೆರಡು ವರ್ಷಕ್ಕೂ ಜಾಸ್ತಿ ಅಲ್ಲೇ ಕೂತಿದ್ದರು. ಕೊನೆಗೆ 1872ರಲ್ಲಿ ಜರ್ಮನಿಯ ದೊರೆ ಪಂಚಾಯಿತಿ ಮಾಡಿ ಅಮೆರಿಕದ ಪರ ತೀರ್ಪು ಕೊಟ್ಟ. ಸತ್ತದ್ದು ಆ ಹಂದಿ ಒಂದೇ. ಎರಡು ಡೇರೆಯ ಜಾಗವೂ ಈಗ ನ್ಯಾಷನಲ್ ಪಾರ್ಕಿನವರ ಕೈಯಲ್ಲಿದೆ, ಇಂಗ್ಲಿಷ್ ಕ್ಯಾಂಪ್, ಅಮೆರಿಕನ್ ಕ್ಯಾಂಪ್ ಅಂತ. ಬೇಲಿ ಜಗಳ ಬಲ್ಲ ಮಲೆನಾಡಿನ ಅಮ್ಮನಿಗೆ ಈ ಕಥೆ ಹೇಳಿ ನೋಡಿ, ಖಂಡಿತ ಖುಷಿ ಪಡ್ತಾರೆ.

ಇನ್ನೊಂದು ಗುಟ್ಟು. ಕಾರು ಇಲ್ಲದೆ ನಡೆದು ಹತ್ತಿದರೆ ದ್ವೀಪದಿಂದ ದ್ವೀಪಕ್ಕೆ ಫೆರ್ರಿ ಟಿಕೆಟ್ಟೇ ಇಲ್ಲ, ಬಿಟ್ಟಿ.

ಕೊಡಚಾದ್ರಿ_ಕಾಲು

ಮಂಜಣ್ಣ, ಬಿಟ್ಟಿ ನಿಜ. ಆದರೆ ಸ್ಯಾನ್ ವಾನ್‌ನ ಫೆರ್ರಿ ಊರು ಫ್ರೈಡೇ ಹಾರ್ಬರ್‌ನಲ್ಲಿ ಇಳಿದ ಮೇಲೆ ನಿಮ್ಮ ಲೈಮ್ ಕಿಲ್ನ್‌ಗೆ ಹತ್ತು ಮೈಲಿ ಹತ್ತಿರ ಹೋಗಬೇಕು, ಮಂಡಿ ನೋವಿರುವ ಅಮ್ಮ, ಆರು ವರ್ಷದ ಹುಡುಗ, ಕಾರು ಆರ್ಕಸ್‌ನಲ್ಲಿ. ಹೇಗೆ ಹೋಗ್ತಾರೆ ಹೇಳಿ? ಜೊತೆಗೆ ತಿಮಿಂಗಿಲ ಏನು ಹಾಜರಿ ಹಾಕೋಕೆ ಬರುತ್ತಾ? ಸಾಲ್ಮನ್ ಮೀನು ತಿಂದು ಬದುಕುವ ಇಲ್ಲಿನ ಓರ್ಕಾ ತಿಮಿಂಗಿಲಗಳು ಎಪ್ಪತ್ತು ಚಿಲ್ಲರೆ ಉಳಿದಿವೆ, ಚಿನೂಕ್ ಸಾಲ್ಮನ್ ಕಮ್ಮಿ ಆದ ಮೇಲೆ ಬೇಸಿಗೆಯಲ್ಲೂ ಮೊದಲಿನಷ್ಟು ಈ ಕಡೆ ಬರಲ್ಲ. ಸೀಲ್ ತಿನ್ನುವ ಇನ್ನೊಂದು ಪಂಗಡ ಓಡಾಡ್ತಿರುತ್ತೆ, ಅದು ಯಾವಾಗ ಎಲ್ಲಿ ಅಂತ ಹೇಳೋಕಾಗಲ್ಲ. ಬೋಟ್ ಟೂರಿಗೆ ಹೋದರೂ, 2025ರಿಂದ ಆ ಎಪ್ಪತ್ತು ಚಿಲ್ಲರೆ ಓರ್ಕಾಗಳ ಸಾವಿರ ಗಜದೊಳಗೆ ಯಾವ ದೋಣಿಯೂ ಹೋಗುವಂತಿಲ್ಲ. ಒಳ್ಳೆಯ ಕಾನೂನು, ಆದರೆ ಫೋನಲ್ಲಿ ಫೋಟೋ ಬರುತ್ತೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ಆದರೂ ನಿಮ್ಮ ಮಾತು ಪೂರ್ತಿ ತೆಗೆದು ಹಾಕಲ್ಲ. ಒಂದು ದಿನ ಕಾರನ್ನು ಆರ್ಕಸ್ ಲ್ಯಾಂಡಿಂಗ್ ಹತ್ತಿರ ಬಿಟ್ಟು, ನಡೆದು ಹತ್ತಿ ಫ್ರೈಡೇ ಹಾರ್ಬರ್‌ಗೆ ಹೋಗಿ. ಇಳಿದ ಕಡೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ವೇಲ್ ಮ್ಯೂಸಿಯಂ ಇದೆ, ನಿಜವಾದ ತಿಮಿಂಗಿಲದ ಅಸ್ಥಿಪಂಜರ ಇಟ್ಟಿದ್ದಾರೆ, ಮಕ್ಕಳು ಕದಲಲ್ಲ. ಒಂದು ಐಸ್‌ಕ್ರೀಮು, ಬಂದರಲ್ಲಿ ಒಂದು ಸುತ್ತು, ಸಂಜೆ ಬೋಟಿಗೆ ವಾಪಸ್. ಅಮ್ಮನಿಗೆ ಅವತ್ತು ಮಂಡಿಗೆ ರಜ. ಲೋಪೆಜ್ ಸೈಕಲ್ ತುಳಿಯುವವರಿಗೆ, ಈ ಸಲ ಬಿಡಿ.

ಶಿವಮೊಗ್ಗ_ಟು_ಬಾತೆಲ್

ಥ್ಯಾಂಕ್ಸ್ ಇಬ್ಬರಿಗೂ. ಹಂದಿ ಕಥೆ ಅಮ್ಮನಿಗೆ ಓದಿ ಹೇಳಿದೆ. "ಆಲೂಗಡ್ಡೆಗೆ ಬೇಲಿ ಹಾಕಬೇಕಿತ್ತು" ಅಂದರು, ಅಷ್ಟೇ. ಫ್ರೈಡೇ ಹಾರ್ಬರ್ ಒಂದು ದಿನ ಅಂತ ಬರ್ಕೊಂಡೆ. ನಡಿಗೆ ಬಗ್ಗೆ ಯಾರಾದರೂ ಹೇಳಿ. ಯಜಮಾನರಿಗೆ ಮೌಂಟ್ ಕಾನ್‌ಸ್ಟಿಟ್ಯೂಶನ್ ಹತ್ತಲೇಬೇಕಂತೆ, ಕಾರಲ್ಲಿ ಹೋಗಬಹುದಂತೆ ಅಂದರೆ ಅದು ಹತ್ತಿದ ಲೆಕ್ಕ ಅಲ್ಲ ಅಂತಾರೆ.

ಕೊಡಚಾದ್ರಿ_ಕಾಲು

ಅವರು ಹೇಳಿದ್ದು ಸರಿ. ಇಬ್ಬರಿಗೂ ಆಗುವ ಉಪಾಯ ಇದೆ, ನಾನು ನಮ್ಮ ಅತ್ತೆ ಮಾವ ಬಂದಿದ್ದಾಗ ಹೀಗೇ ಮಾಡಿದ್ದು.

ಬೆಟ್ಟದ ಎತ್ತರ ಸುಮಾರು 2,400 ಅಡಿ. ನಮ್ಮ ಕುಮಾರ ಪರ್ವತದ ಮುಂದೆ ಏನೂ ಅಲ್ಲ, ಆದರೆ ಸಮುದ್ರದಿಂದ ನೇರ ಎದ್ದು ನಿಂತಿರೋದರಿಂದ ನೋಟ ಭರ್ಜರಿ. ಬೆಳಗ್ಗೆ ಬೇಗ ಯಜಮಾನರನ್ನೂ ಮಗಳನ್ನೂ ಮೌಂಟನ್ ಲೇಕ್ ಹತ್ತಿರ ಬಿಡಿ. ಅವರು ಕೆರೆ ದಡ ಹಿಡಿದು ಟ್ವಿನ್ ಲೇಕ್ಸ್‌ವರೆಗೆ ಹೋಗಿ ಅಲ್ಲಿಂದ ಹತ್ತಲಿ. ಕೆರೆಯ ಮಟ್ಟದಿಂದ ತುದಿಗೆ 1,500 ಅಡಿ ಏರು, ಅದರಲ್ಲಿ ಜಾಸ್ತಿ ಪಾಲು ಟ್ವಿನ್ ಲೇಕ್ಸ್ ದಾಟಿದ ಮೇಲೆ ತಿರುವು ತಿರುವಾಗಿ ಬರುತ್ತೆ. ಹತ್ತು ವರ್ಷದ ಹುಡುಗಿ ಆರಾಮಾಗಿ ಹತ್ತುತ್ತಾಳೆ, ದಾರಿಯಲ್ಲಿ ನಿಲ್ಲಿಸಿ ಏನಾದರೂ ತಿನ್ನಿಸ್ತಾ ಇದ್ದರೆ. ನೀವು, ಅಮ್ಮ, ಮಗ ಹೊತ್ತು ನೋಡ್ಕೊಂಡು ಕಾರಲ್ಲಿ ಮೇಲೆ ಬನ್ನಿ. ಎಲ್ಲರೂ ತುದಿಯಲ್ಲಿ ಸೇರಿ ಊಟ ಮಾಡಿ, ಇಳಿಯುವಾಗ ಒಟ್ಟಿಗೆ ಕಾರಲ್ಲಿ ಇಳಿಯಿರಿ. ಮಂಡಿ ಹಾಳಾಗೋದು ಇಳಿಯುವಾಗಲೇ ಅಲ್ವಾ, ಹತ್ತಿದವರಿಗೂ ಅದು ತಪ್ಪುತ್ತೆ.

ಮೇಲೆ ಕಲ್ಲಿನ ಗೋಪುರ ಇದೆ. 1936ರಲ್ಲಿ ಕಟ್ಟಿದ್ದು, ಆಗಿನ ಮಹಾ ಆರ್ಥಿಕ ಹಿಂಜರಿತದ ಕಾಲದಲ್ಲಿ ಕೆಲಸ ಇಲ್ಲದ ಹುಡುಗರಿಗೆ ಸರ್ಕಾರ ಕೊಟ್ಟ ಕೆಲಸ. ಕಾಕಸಸ್ ಬೆಟ್ಟದ ಕಡೆಯ ಹಳೇ ಕಾವಲು ಗೋಪುರದ ಮಾದರಿಯಂತೆ. ಒಳಗೆ ಕಲ್ಲಿನ ಮೆಟ್ಟಿಲು, ಸಣ್ಣ ಕಿಟಕಿ, ನಮ್ಮ ಕೋಟೆ ಬುರುಜಿನಷ್ಟೇ ತಂಪು. ಮೇಲಿಂದ ಮೌಂಟ್ ಬೇಕರ್ ಕಣ್ಣೆದುರು ಬರುತ್ತೆ, ಆಚೆ ಕಡೆ ಕೆನಡಾದ ದ್ವೀಪಗಳು. ಕೆಳಗಡೆ ನೀರಲ್ಲಿ ಬಿಳೀ ಗೆರೆ ಎಳ್ಕೊಂಡು ಹೋಗುವ ಫೆರ್ರಿ ನೋಡಿ ನಿಮ್ಮ ಮಗ ಚಪ್ಪಾಳೆ ತಟ್ಟದಿದ್ದರೆ ಕೇಳಿ. ಆಗಸ್ಟಲ್ಲಿ ಬೆಂಕಿ ಹೊಗೆ ಬಂದರೆ ಇದೆಲ್ಲ ಕಾಣಲ್ಲ, ಹಾಗಾಗಿ ಆಕಾಶ ಸ್ವಚ್ಛ ಇರುವ ಮೊದಲ ದಿನವೇ ಹೋಗಿಬಿಡಿ, ಕೊನೆಗೆ ಇಟ್ಕೊಳ್ಳಬೇಡಿ.

ಅಮ್ಮನ ಜೊತೆ ನಡೆಯೋಕೆ ನಿಮ್ಮ ಟೆಂಟಿನ ಮುಂದಿನ ಕೆರೆಯ ಸುತ್ತು. ಮೂರು ಮೈಲಿಗೆ ಒಂಚೂರು ಕಮ್ಮಿ, ಹೆಚ್ಚು ಕಮ್ಮಿ ಸಮತಟ್ಟು, ನಡುವೆ ಒಂದು ಮರದ ಸೇತುವೆ. ಮೌಂಟನ್ ಲೇಕ್ ಸುತ್ತು ನಾಲ್ಕು ಮೈಲಿ, ಅದೂ ಸಮ, ಜನ ಕಮ್ಮಿ, ನನಗೆ ಕೇಳಿದರೆ ಇದೇ ಚೆನ್ನ. ಎತ್ತರದ ಫರ್ ಮರಗಳ ಕೆಳಗೆ ನೆಲ ಮೆತ್ತಗಿರುತ್ತೆ, ಮಂಡಿಗೆ ಹಿತ. ಕ್ಯಾಸ್ಕೇಡ್ ಫಾಲ್ಸ್ ರಸ್ತೆಯಿಂದ ಕಾಲು ಮೈಲಿ, ಆದರೆ ಜೋಗದ ಪಕ್ಕದ ಜಿಲ್ಲೆಯವರಲ್ಲ, ಜೋಗದ ಜಿಲ್ಲೆಯವರೇ ನೀವು! ಆಗಸ್ಟಲ್ಲಿ ಅದರಲ್ಲಿ ನೀರು ಸಣ್ಣಗೆ ಇಳೀತಿರುತ್ತೆ, ಅಮ್ಮ ನಗ್ತಾರೆ. ಬೇಕಾದರೆ ಹೋಗಿ.

ಯಜಮಾನರಿಗೆ ಇನ್ನೂ ಕಾಲು ತುರಿಸಿದರೆ ದ್ವೀಪದ ಆ ಕಡೆ ಟರ್ಟಲ್‌ಬ್ಯಾಕ್ ಇದೆ. 2007ರವರೆಗೆ ಖಾಸಗಿ ಜಮೀನು, ಮಾರಾಟಕ್ಕೆ ಬಂದಾಗ ಊರವರೂ ಕೌಂಟಿಯವರೂ ದುಡ್ಡು ಕೂಡಿಸಿ ಕೊಂಡು ಕಾಪಾಡಿದರು. ದಕ್ಷಿಣದ ಕಡೆಯಿಂದ ಹತ್ತಿ, ಶಿಪ್ ಪೀಕ್‌ವರೆಗೆ ಸಾಕು. ಅಲ್ಲಿ ಮ್ಯಾಡ್ರೋನಾ ಮರ ಮುಟ್ಟಿ ನೋಡಿ ಅಂತ ಮಗಳಿಗೆ ಹೇಳಿ. ಕೆಂಪು ತೊಗಟೆ ಕಾಗದದ ಸುರುಳಿ ಹಾಗೆ ತಾನಾಗೇ ಬಿಚ್ಚಿಕೊಂಡಿರುತ್ತೆ, ಒಳಗಿನ ಕಾಂಡ ಹಸಿರು, ನುಣ್ಣಗೆ, ಬಿಸಿಲಲ್ಲೂ ಕೈಗೆ ತಣ್ಣಗೆ ತಾಗುತ್ತೆ.

ಸಾರು_ಅನ್ನ

ನನ್ನ ಹೆಸರು ಆಗಲೇ ಬಂದಿದೆ, ಬರೆಯದೆ ಬಿಡೋಕಾಗಲ್ಲ.

ಮೊದಲು ರಕೂನ್. ಕರಡಿ ಇಲ್ಲ ಅಂತ ನೆಮ್ಮದಿಯಾಗಿ ಮಲಗಿದರೆ ಮುಗೀತು. ಇವು ಬೆಕ್ಕಿಗಿಂತ ದೊಡ್ಡವು, ಬೆರಳು ನಮ್ಮ ಹಾಗೇ ಕೆಲಸ ಮಾಡುತ್ತೆ. ಒಂದು ರಾತ್ರಿ ಸದ್ದಾಯ್ತು ಅಂತ ಟಾರ್ಚ್ ಹಾಕಿದರೆ, ಒಂದು ಕೂಲರ್ ಮೇಲೆ ಕೂತು ಚಿಲಕ ಎತ್ತುತ್ತಾ ಇದೆ, ಇನ್ನೊಂದು ಕೆಳಗೆ ಕಾಯ್ತಾ ಇದೆ. ಬೆಳಕು ಬಿದ್ದರೂ ಓಡಲಿಲ್ಲ, ಏನಮ್ಮಾ ಅನ್ನೋ ಹಾಗೆ ತಿರುಗಿ ನೋಡಿತು. ಮೊಸರಿನ ಡಬ್ಬ ಖಾಲಿ, ಕೊಬ್ಬರಿ ಮಿಠಾಯಿ ಖಾಲಿ, ನಿಂಬೆಕಾಯಿ ಉಪ್ಪಿನಕಾಯಿ ಮಾತ್ರ ಮೂಸಿ ಬಿಟ್ಟಿದ್ದವು. ರಾತ್ರಿ ಒಂದು ಬಿಸ್ಕೆಟ್ ಚೂರೂ ಹೊರಗೆ ಬೇಡ, ಟೆಂಟಿನೊಳಗಂತೂ ಬೇಡವೇ ಬೇಡ, ಎಲ್ಲ ಕಾರಿನ ಡಿಕ್ಕಿಗೆ. ಹಗಲಲ್ಲಿ ಕಣಜದ ಕಾಟ. ಆಗಸ್ಟ್ ಕೊನೆಗೆ ಅವು ಜಾಸ್ತಿ ಇರುತ್ತವೆ, ಸಿಹಿ ತೆರೆದಿಟ್ಟರೆ ಮುತ್ತಿಕೊಳ್ಳುತ್ತವೆ. ಮಕ್ಕಳು ಜ್ಯೂಸ್ ಕುಡಿಯುವಾಗ ಡಬ್ಬಿಯೊಳಗೆ ನೋಡಿ ಕುಡಿಯಲಿ.

ಊಟ. ಹೋಟೆಲ್ ನಂಬಬಹುದಾ ಅಂತ ಕೇಳಿದ್ದೀರಿ. ನಂಬಿ, ಆದರೆ ದಿನಾ ಅಲ್ಲ. ಊರು ಚಿಕ್ಕದು, ಕೆಲಸಕ್ಕೆ ಜನ ಸಿಗಲ್ಲ, ಹಾಗಾಗಿ ವಾರದ ನಡುವೆ ಎರಡು ದಿನ ಮುಚ್ಚುವ ಕಡೆ ಬೇಕಾದಷ್ಟು. ಎಂಟಕ್ಕೆಲ್ಲ ಅಡುಗೆಮನೆ ಬಂದ್ ಮಾಡ್ತಾರೆ. ನಾವು ಒಂದು ಕಡೆ ವೆಬ್‌ಸೈಟಲ್ಲಿ "ತೆರೆದಿದೆ" ಅಂತ ನೋಡ್ಕೊಂಡು ಹಸಿದ ಮಕ್ಕಳನ್ನು ಹೊತ್ತು ಹೋದರೆ ಬಾಗಿಲಲ್ಲಿ ಚೀಟಿ, ಇವತ್ತು ಸಿಬ್ಬಂದಿ ಇಲ್ಲ ಅಂತ. ಯಾವುದು ಅಂತ ಹೇಳಲ್ಲ ಬಿಡಿ, ಅವರ ಕಷ್ಟ ಅವರಿಗೆ. ಹೊರಡೋ ಮುಂಚೆ ಫೋನ್ ಮಾಡಿ, ಸಂಜೆ ಊಟ ಆರಕ್ಕೇ ಮುಗಿಸಿ. ಅಥವಾ ನಾವು ಈಗ ಮಾಡೋ ಹಾಗೆ, ದೊಡ್ಡ ಊಟ ಮಧ್ಯಾಹ್ನ ಹೊರಗೆ, ರಾತ್ರಿ ಕ್ಯಾಂಪಲ್ಲಿ ಒಂದು ಅನ್ನ ಸಾರು ಹಪ್ಪಳ. ದುಡ್ಡೂ ಉಳಿಯುತ್ತೆ, ಅಮ್ಮನಿಗೆ ರಾತ್ರಿ ಬಿಸಿ ಬಿಸಿ ಸಿಕ್ಕ ಹಾಗೂ ಆಗುತ್ತೆ.

ಎಲ್ಲಿ ಅಂದರೆ. ಈಸ್ಟ್‌ಸೌಂಡ್‌ನಲ್ಲಿ ಬ್ರೌನ್ ಬೇರ್ ಬೇಕಿಂಗ್ ಅಂತ ಬೇಕರಿ, ಬೆಳಗ್ಗೆ ಬೇಗ ಹೋಗದಿದ್ದರೆ ಒಳ್ಳೆಯದೆಲ್ಲ ಖಾಲಿ. ಅಮ್ಮನಿಗೆ ಅಲ್ಲಿ ಬರೀ ಬ್ರೆಡ್ಡು ಸಾಕು, ಸಿಹಿಯಲ್ಲಿ ಮೊಟ್ಟೆ ಇರುತ್ತೆ. ಊರಲ್ಲೇ ಕೋ ಆಪ್ ಅಂಗಡಿ ಇದೆ, ತರಕಾರಿ, ಹಾಲು, ಮೊಸರು, ತೋಫು ಸಿಗುತ್ತೆ, ಬೆಲೆ ಜಾಸ್ತಿ. ಅಕ್ಕಿ ಬೇಳೆ ಮನೆಯಿಂದಲೇ ತಗೊಂಡು ಹೋಗಿ. ಶನಿವಾರ ಅಲ್ಲಿದ್ದರೆ ವಿಲೇಜ್ ಗ್ರೀನ್‌ನಲ್ಲಿ ಸಂತೆ, ಅಮ್ಮನನ್ನು ತಪ್ಪದೆ ಕರ್ಕೊಂಡು ಹೋಗಿ, ದರ ಕೇಳಿ ಬೆಚ್ಚಿ ಬೀಳ್ತಾರೆ, ಆದರೆ ಬೀನ್ಸ್ ಮುರಿದು ನೋಡಿ ಒಪ್ಕೋತಾರೆ.

ಸಸ್ಯಾಹಾರಕ್ಕೆ ನನಗೆ ಇಷ್ಟವಾದದ್ದು ಡೋ ಬೇ ಕೆಫೆ. ಮೊರಾನ್ ದಾಟಿ ಓಲ್ಗಾ ಅನ್ನೋ ಹಳ್ಳಿ ಕಡೆಯಿಂದ ದ್ವೀಪದ ಪೂರ್ವದ ತುದಿಗೆ ಹೋಗಬೇಕು. ಅವರದೇ ತೋಟದ ಸೊಪ್ಪು ತರಕಾರಿ, ಕಿಟಕಿ ಹೊರಗೆ ಕೊಲ್ಲಿ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಅದು ರೆಸಾರ್ಟು, ಅಲ್ಲಿ ಹೊರಗಡೆ ಬಿಸಿನೀರಿನ ತೊಟ್ಟಿಗಳಿವೆ, ಅದರಲ್ಲಿ ಬಟ್ಟೆ ಹಾಕ್ಕೊಳ್ಳಲೇಬೇಕು ಅನ್ನೋ ನಿಯಮ ಇಲ್ಲ. ಊಟ ಆದ ಮೇಲೆ "ಆ ಕಡೆ ಒಂದು ಸುತ್ತು ಹೋಗಿ ಬರೋಣ" ಅಂತ ಅಮ್ಮ ಅಂದರೆ ಮೆಲ್ಲಗೆ ಕಾರಿನ ಕಡೆ ತಿರುಗಿಸಿ. ನಮ್ಮ ಮಾವನವರು ಆ ದಾರಿಯಲ್ಲಿ ಹೋಗಿ ಬಂದ ಮೇಲೆ ವಾಪಸ್ ಕ್ಯಾಂಪಿಗೆ ಬರೋವರೆಗೂ ಮಾತೇ ಆಡಲಿಲ್ಲ.

ಇನ್ನು ಕ್ಯಾಂಪಿನ ಅಡುಗೆ. ಆಗಸ್ಟ್ ಕೊನೆಗೆ ಒಣ ಹವೆ, ಬೆಂಕಿ ಹಾಕಬಾರದು ಅಂತ ಆದೇಶ ಬರೋದು ಮಾಮೂಲು, ಸೌದೆ ನಂಬ್ಕೊಂಡು ಹೋಗಬೇಡಿ, ಎರಡು ಬರ್ನರ್ ಗ್ಯಾಸ್ ಒಲೆ ಇರಲಿ. ಬೆಂಕಿಗೆ ಅವಕಾಶ ಇದ್ದರೂ ಮನೆಯಿಂದ ಸೌದೆ ಒಯ್ಯಬೇಡಿ, ಅದರ ಜೊತೆ ಹುಳವೂ ದ್ವೀಪಕ್ಕೆ ಹೋಗುತ್ತೆ, ಅಲ್ಲೇ ಕೊಳ್ಳಿ. ಮನೆಯಲ್ಲೇ ಪುಳಿಯೋಗರೆ ಗೊಜ್ಜು, ಹುರಿದ ರವೆ ಒಗ್ಗರಣೆ ಹಾಕಿ, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಮಾಡ್ಕೊಂಡು ಡಬ್ಬಿಗೆ ತುಂಬಿಸಿ. ಗೊಜ್ಜವಲಕ್ಕಿಗೆ ಒಲೆಯೇ ಬೇಡ, ಬೆಟ್ಟದ ಮೇಲಿನ ಊಟಕ್ಕೆ ಅದೇ ಸರಿ. ಮೂರು ಲೀಟರಿನ ಚಿಕ್ಕ ಕುಕ್ಕರ್ ತಗೊಂಡು ಹೋಗಿ, ಬೆಳಗ್ಗೆ ಬೇಗ ಸೀಟಿ ಹಾಕಿಸಬೇಡಿ ಅಷ್ಟೇ. ಪಕ್ಕದ ಟೆಂಟಿನ ಬಿಳಿಯರು ಬಾಂಬ್ ಅಂದ್ಕೊಂಡು ಎದ್ದು ಕೂತಿದ್ದು ನೋಡಿದ್ದೇನೆ.

ಅಮ್ಮ ಮಲಗೋದಕ್ಕೆ ಮಡಚುವ ಮಂಚ ತಗೊಳ್ಳಿ. ನೆಲದಿಂದ ಏಳೋದೇ ಮಂಡಿಗೆ ಕಷ್ಟ, ಮಂಚದಿಂದ ಕಾಲು ಇಳಿಬಿಟ್ಟು ಏಳಬಹುದು. ಕೆಳಗೂ ಒಂದು ದಪ್ಪ ಹಾಸಿಗೆ ಇರಲಿ, ಇಲ್ಲದಿದ್ದರೆ ಮಂಚದಡಿಯಿಂದ ಚಳಿ ಹೊಡೆಯುತ್ತೆ. ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ಹನ್ನೆರಡು ಹದಿಮೂರು ಡಿಗ್ರಿಗೆ ಇಳಿಯುತ್ತೆ, ಕಿವಿ ಮುಚ್ಚುವ ಟೋಪಿ, ಸ್ವೆಟರ್, ಹಾಟ್ ವಾಟರ್ ಬ್ಯಾಗ್. ಶೌಚಾಲಯಕ್ಕೆ ಹತ್ತಿರದ ಕಡೆ ಟೆಂಟು ಬಾಗಿಲು ತಿರುಗಿಸಿ ಹಾಕಿ. ತಲೆಗೆ ಕಟ್ಟುವ ಟಾರ್ಚ್ ಅಮ್ಮನಿಗೂ ಒಂದು ಬೇಕು, ಕೊಟ್ಟು ನೋಡಿ, ಬಿಚ್ಚೋದೇ ಇಲ್ಲ.

ಬೆಲ್ಲಿಂಗ್‌ಹ್ಯಾಮ್_ಶೆಟ್ರು

ಕುಂದಾಪುರದವರು ಅಂದ್ರಲ್ಲ, ಹಾಗಾಗಿ ನಾನು ಬಾಯಿ ಹಾಕಲೇಬೇಕು. ಓಲ್ಗಾದಲ್ಲಿ ಬಕ್ ಬೇ ಶೆಲ್‌ಫಿಶ್ ಫಾರ್ಮ್ ಇದೆ, ನಿಮ್ಮ ಕ್ಯಾಂಪಿಗೆ ಹತ್ತಿರ. ಆಯ್ಸ್ಟರ್, ನಮ್ಮ ಮರುವಾಯಿ ಚಿಪ್ಪಿನ ತರದ್ದು, ಏಡಿ. ತಂದು ಕ್ಯಾಂಪಲ್ಲಿ ಕಾಯಿ ಹಾಕಿ ಸುಕ್ಕ ಮಾಡಿ. ಅತ್ತೆಯವರ ಒಲೆ ಬೇರೆ, ಪಾತ್ರೆ ಬೇರೆ ಇರಲಿ ಅಂತ ಅಣ್ಣನಿಗೆ ಮೊದಲೇ ಹೇಳಿಬಿಡಿ, ಆಮೇಲೆ ರಗಳೆ ಬೇಡ.

ದಡದಲ್ಲಿ ಕಂಡಿತು ಅಂತ ತಾನೇ ಹೆಕ್ಕೋಕೆ ಹೋಗೋದು ಬೇಡ. ಒಂದು, ಲೈಸೆನ್ಸ್ ಬೇಕು. ಎರಡು, ಬೇಸಿಗೆಯಲ್ಲಿ ಪಾಚಿಯ ವಿಷ ಚಿಪ್ಪಿಗೆ ಸೇರುತ್ತೆ, ಅದು ಎಷ್ಟು ಬೇಯಿಸಿದರೂ ಹೋಗಲ್ಲ, ಉಸಿರೇ ನಿಲ್ಲಿಸಬಲ್ಲ ವಿಷ. ನೋಡೋಕೆ, ಮೂಸೋಕೆ ಏನೂ ಗೊತ್ತಾಗಲ್ಲ. ಊರಲ್ಲಿ ಹೊಳೆಗಿಳಿದು ಹೆಕ್ಕಿ ಅಭ್ಯಾಸ ಇರುವ ನಮ್ಮಂಥವರಿಗೇ ಇದನ್ನು ಒತ್ತಿ ಹೇಳಬೇಕು. ಆರೋಗ್ಯ ಇಲಾಖೆಯ ನಕ್ಷೆಯಲ್ಲಿ ಯಾವ ದಡ ತೆರೆದಿದೆ ಅಂತ ಇರುತ್ತೆ, ಅದು ನೋಡದೆ ಕೈ ಹಾಕಬಾರದು.

ಇನ್ನೊಂದು ಯಾರೂ ಹೇಳಿಲ್ಲ. ಆಗಸ್ಟ್ ಕೊನೆಗೆ ಚಂದ್ರ ಇಲ್ಲದ ರಾತ್ರಿ ಸಿಕ್ಕರೆ ಸಮುದ್ರದ ದಡಕ್ಕೆ ಹೋಗಿ. ಅಬ್‌ಸ್ಟ್ರಕ್ಷನ್ ಪಾಸ್ ಬೀಚ್ ಆದೀತು, ಕಾರು ನಿಲ್ಲಿಸಿ ಅರ್ಧ ಮೈಲಿಗೂ ಜಾಸ್ತಿ ಕಾಡಲ್ಲಿ ನಡೀಬೇಕು, ಟಾರ್ಚ್ ಬೇಕು. ಕೈಯನ್ನು ನೀರಲ್ಲಿ ಅದ್ದಿ ಆಡಿಸಿದರೆ ಬೆರಳ ಸಂದಿಯಿಂದ ನೀಲಿ ಕಿಡಿ ಏಳುತ್ತೆ. ಕಲ್ಲು ಎಸೆದರೆ ಬಿದ್ದ ಕಡೆ ಬೆಳಕಿನ ಉಂಗುರ. ಸಣ್ಣ ಸಣ್ಣ ಜೀವಿಗಳು, ಅಲುಗಾಡಿದಾಗ ಮಿನುಗುತ್ತವೆ. ರಾತ್ರಿ ಕಯಾಕ್ ಟೂರ್ ಮಾಡಿಸುವವರೂ ಇದ್ದಾರೆ, ಆರು ವರ್ಷದವನಿಗೆ ದಡವೇ ಸಾಕು. ಅಮ್ಮನಿಗೆ ಕತ್ತಲಲ್ಲಿ ಬೇರು ಎಡವೋ ಭಯ ಇದ್ದರೆ ಬೆಳಕಿರುವಾಗಲೇ ನಡೆದು ಹೋಗಿ, ಅಲ್ಲೇ ಕೂತು ಕತ್ತಲಾಗೋದನ್ನು ಕಾಯಿರಿ.

ಮತ್ತೆ ಫೋನು. ದ್ವೀಪದ ಉತ್ತರ, ಪಶ್ಚಿಮದ ಕಡೆ ಕೆನಡಾ ಟವರ್ ಹಿಡ್ಕೊಂಡು ಬಿಡುತ್ತೆ, ಪ್ಲ್ಯಾನಲ್ಲಿ ಕೆನಡಾ ಇಲ್ಲದಿದ್ದರೆ ಬಿಲ್ ನೋಡಿ ತಲೆ ತಿರುಗುತ್ತೆ. ರೋಮಿಂಗ್ ಆಫ್ ಮಾಡಿ. ಅಮ್ಮನ ಇಂಡಿಯಾ ಸಿಮ್ ಇದ್ದರೆ ಅದಂತೂ ಮೊದಲು. ನಕ್ಷೆ ಎಲ್ಲ ಮನೆಯಲ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಮಳೆ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಒಲಿಂಪಿಕ್ ಬೆಟ್ಟಗಳು ಮಳೆ ತಡೆಯುತ್ತವೆ, ಸಿಯಾಟಲ್‌ಗಿಂತ ಅಲ್ಲಿ ಕಮ್ಮಿ. ಟೆಂಟಿನ ಮೇಲುಹೊದಿಕೆ ಮಾತ್ರ ಬಿಟ್ಟು ಹೋಗಬೇಡಿ.

ಶಿವಮೊಗ್ಗ_ಟು_ಬಾತೆಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೋ ಬೇ ಭಾಗ ಬಿಟ್ಟು ಉಳಿದದ್ದೆಲ್ಲ ಅಮ್ಮನಿಗೆ ಓದಿ ಹೇಳಿದೆ.

ಈಗಿನ ಲೆಕ್ಕ ಹೀಗೆ. ಹೋದ ದಿನ ಟೆಂಟು ಹಾಕಿ ಕೆರೆಯಲ್ಲಿ ಈಜು, ಅಷ್ಟೇ. ಮಾರನೇ ದಿನ ಆಕಾಶ ನೋಡಿಕೊಂಡು ಕಾನ್‌ಸ್ಟಿಟ್ಯೂಶನ್, ಅಮ್ಮ ಗೊಜ್ಜವಲಕ್ಕಿ ಜೊತೆ ಕಾರಲ್ಲಿ. ಒಂದು ದಿನ ಫ್ರೈಡೇ ಹಾರ್ಬರ್ ನಡೆದು ಹತ್ತಿ, ಒಂದು ದಿನ ಮೌಂಟನ್ ಲೇಕ್ ಸುತ್ತಿ ಡೋ ಬೇಯಲ್ಲಿ ಮಧ್ಯಾಹ್ನದ ಊಟ. ಮಿಕ್ಕ ದಿನ ಏನೂ ಹಾಕ್ಕೊಂಡಿಲ್ಲ, ಶೆಟ್ರ ಸುಕ್ಕ ಅದರಲ್ಲಿ ಎಲ್ಲೋ ಬರುತ್ತೆ. ಬುಧವಾರ ಬೆಳಗಿನ ಬೋಟಿಗೆ ವಾಪಸ್, ಬುಕ್ಕಿಂಗ್ ಎರಡನೇ ಪಾಲಿಗೆ ಅಲಾರಂ ಇಟ್ಟಿದ್ದೇನೆ.

ಅಮ್ಮ ಮಂಚಕ್ಕೆ ಒಪ್ಪಿದ್ದಾರೆ. ಈಗ ಅವರದು ಹೊಸ ಪ್ರಶ್ನೆ, ರಸ್ತೆ ಬದಿ ಕಾಡು ಹಣ್ಣು ಸಿಗುತ್ತಾ, ಕಿತ್ತರೆ ಯಾರಾದರೂ ಬೈತಾರಾ ಅಂತ.

ಸಾರು_ಅನ್ನ

ಬ್ಲ್ಯಾಕ್‌ಬೆರಿ ಅದೇ ಹೊತ್ತಿಗೆ ಹಣ್ಣಾಗಿರುತ್ತೆ, ರಸ್ತೆ ಬದಿಯಲ್ಲಿ ಪೊದೆ ಪೊದೆ. ಯಾರದ್ದೋ ಬೇಲಿಯೊಳಗೆ ಕೈ ಹಾಕದಿದ್ದರೆ ಯಾರೂ ಏನೂ ಅನ್ನಲ್ಲ. ಮುಳ್ಳು ಜೋರು, ಉದ್ದ ತೋಳಿನ ಅಂಗಿ ಹಾಕಿಸಿ. ರಸ್ತೆಗೆ ತೀರ ಹತ್ತಿರ ಇರೋದು ಧೂಳು, ಒಂದು ಹೆಜ್ಜೆ ಒಳಗಿಂದ ಕಿತ್ತುಕೊಳ್ಳಿ. ಒಂದು ಡಬ್ಬಿ ಜಾಸ್ತಿ ತಗೊಂಡು ಹೋಗಿ, ಬೆಲ್ಲ ಹಾಕಿ ಗೊಜ್ಜು ಮಾಡಿದರೆ ಚಪಾತಿಗೆ ಆಗುತ್ತೆ. ಮತ್ತೆ ಆ ಡಬ್ಬಿಯೂ ರಾತ್ರಿ ಡಿಕ್ಕಿಗೆ!